ತಲಾ ಖರ್ಚಿನ ಲೆಕ್ಕ ಜೋಯಿಡಾದಲ್ಲಿ ನಡೆಯುವುದಿಲ್ಲ

ಮಗುವಿನ ತಲಾ ಖರ್ಚು ಜಾಸ್ತಿ ಇರುವ ಸರ್ಕಾರಿ ಶಾಲೆಗಳನ್ನು ವಿಲೀನ ಮಾಡಿದರೆ ಹಣ ಉಳಿಯುತ್ತದೆ ಎಂದು ಶಾಲಾ ಖರ್ಚಿನ ಬಗೆಗಿನ ನಿಮ್ಮ ಲೇಖನದಲ್ಲಿದೆ. ಯಾರ ಹಣ? ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಬೇಕು. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕಾಡಿನ ಮಜಿರೆಯಲ್ಲಿ 12 ಮಕ್ಕಳಿದ್ದರೂ ಅದೇ ಎರಡು ಸಂಬಳ. ಭಾಗಿಸಿದರೆ ತಲೆಗೆ 60 ಮಕ್ಕಳ ಶಾಲೆಯ ಐದು ಪಟ್ಟು ಬಂದೇ ಬರುತ್ತದೆ. ಅದರಲ್ಲಿ ಮೇಷ್ಟ್ರ ತಪ್ಪೇನು? ಶಾಲೆ ಮುಚ್ಚಿದರೆ ಆ ಖರ್ಚು ಅಪ್ಪ-ಅಮ್ಮನ ತಲೆಗೆ ಬೀಳುತ್ತದೆ. ಟೆಂಪೋ ಬಾಡಿಗೆ ಕೊಡಬೇಕು, ಮಳೆಗಾಲದಲ್ಲಿ ಮಗುವನ್ನು ಹಳ್ಳ ದಾಟಿಸಲು ಕೂಲಿ ಬಿಡಬೇಕು. (ಇದು ನಿಮ್ಮ ಲೆಕ್ಕದ ಯಾವ ಕಾಲಂನಲ್ಲಿದೆ?) ಖರ್ಚು ಬಿಟ್ಟು ಫಲಿತಾಂಶ ನೋಡೋಣ ಎಂದರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಂತೂ ಶಿರಸಿ ಪೇಟೆಯೂ ಜೋಯಿಡಾವೂ ‘ಶಿರಸಿ ಶೈಕ್ಷಣಿಕ ಜಿಲ್ಲೆ’ ಎಂಬ ಒಂದೇ ಅಂಕಿಯೊಳಗೆ. ಇಲ್ಲಿನ ಶಾಲೆಯನ್ನು ಅಳೆಯಲೇಬೇಕಾ? ಮನೆಯಲ್ಲಿ ಕೊಂಕಣಿ ಮಾತಾಡುವ ಮಗು ಒಂದನೇ ಕ್ಲಾಸಿಗೆ ಬಂದಾಗ ಕನ್ನಡ ಎಷ್ಟು ಬರುತ್ತಿತ್ತು, ಐದನೇ ಕ್ಲಾಸಿನಲ್ಲಿ ಎಷ್ಟು ಓದುತ್ತದೆ, ಅದನ್ನು ಅಳೆಯಿರಿ.