ಬಲ ಬೇಡ, ತಗ್ಗನ್ನು ಬಳಸಿ

ಜೀಪಿನ ದಪ್ಪ ಟೈರನ್ನು ಮನೆಯಲ್ಲೇ ರಿಮ್ಮಿನಿಂದ ಬಿಚ್ಚುವ ಬಗ್ಗೆ ಬಂದ ಲೇಖನ ಓದಿದೆ. ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಅದರಲ್ಲಿನ ‘ಬಲ ಹಾಕಿ ಲಿವರ್ (ಟೈರ್ ಎಬ್ಬಿಸುವ ಸಲಾಕೆ) ಎತ್ತಿ’ ಎಂಬ ಮಾತಿಗೆ ನನ್ನ ತಕರಾರಿದೆ. ಬಲ ಬೇಕಾಗುವುದು ರಿಮ್ಮಿಗೆ ಅಂಟಿಕೊಂಡ ಬೀಡನ್ನು, ಅಂದರೆ ಟೈರಿನ ಒಳಅಂಚನ್ನು, ಬಿಡಿಸುವಾಗ, ಅದೂ ವಾಲ್ವಿನ ಒಳಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಇಳಿಸಿದ ಮೇಲೆ. ಆಮೇಲಿನದೆಲ್ಲ ಉಪಾಯದ ಕೆಲಸ. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. ಲಿವರ್ ಹಾಕಿದ ಜಾಗಕ್ಕೆ ನೇರ ಎದುರಿನ ಬೀಡನ್ನು ಮೊಣಕಾಲಿನಿಂದ ಒತ್ತಿ ಆ ತಗ್ಗಿಗೆ ಇಳಿಸಿದರೆ ಈ ಕಡೆ ಸಡಿಲ ಸಿಗುತ್ತದೆ. ಇಳಿಸದೆ ಎಳೆದರೆ ಬೀಡಿನೊಳಗಿನ ಉಕ್ಕಿನ ತಂತಿಗೇ ಪೆಟ್ಟು. ಸವರಲು ಸೋಪಿನ ನೀರು ಸಾಕು, ಆಯಿಲ್ ಮತ್ತು ಗ್ರೀಸ್ ರಬ್ಬರನ್ನು ಹಾಳು ಮಾಡುತ್ತವೆ.

ಪೆಟ್ರೋಲ್ ಚಿಮುಕಿಸಿ, ಬೆಂಕಿ ಕೊಟ್ಟು ಟೈರ್ ಕೂರಿಸುವ ವಿಡಿಯೊಗಳನ್ನು ದಯವಿಟ್ಟು ಯಾರೂ ಅನುಕರಿಸಬೇಡಿ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಂತೂ ಅದು ಹತ್ತಾರು ಮನೆಗಳ ಜೀವದ ಪ್ರಶ್ನೆ! ಗಾಳಿ ತುಂಬುವಾಗ ಒತ್ತಡ 40 ಪಿಎಸ್‌ಐ ಮುಟ್ಟಿದರೂ ಬೀಡ್ ರಿಮ್ಮಿನಲ್ಲಿ ಕೂರದಿದ್ದರೆ ಅಲ್ಲಿಗೇ ನಿಲ್ಲಿಸಿ. ಗಾಳಿ ಇಳಿಸಿ, ಮತ್ತೆ ಸೋಪಿನ ನೀರು ಸವರಿ ನೋಡಿ. ಚಿಕ್ಕ ಕಂಪ್ರೆಸರ್‌ಗೆ ಆಗದಿದ್ದರೆ ಹತ್ತಿರದ ಪಂಚರ್ ಅಂಗಡಿಗೆ ಒಯ್ಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಗಟ್ಟಿಯಾದ ಉದ್ದನೆಯ ಲಿವರ್ ಬೇಕಾದವರು ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು. ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೊರಟವರು ಕುಣಿಗಲ್ ಬಳಿ ನಿಂತಾಗ ಸ್ಪ್ಯಾನರ್ ಹಾಕಿ ನೋಡಿದರೆ ಸರಿಹೋಗುತ್ತದೆ.