ಡ್ಯಾಮ್ ಫುಲ್, ಬ್ಯಾಟರಿ ನಿಲ್

ಕೀ ತಿರುಗಿಸಿದೆ. ‘ಟಕ್’ ಅಂತು. ಇನ್ನೊಂದು ಸಲ ತಿರುಗಿಸಿದೆ. ‘ಟಕ್ ಟಕ್ ಟಕ್ ಟಕ್’, ಥೇಟ್ ಗೋಡೆ ಮೇಲಿನ ಹಲ್ಲಿ ಲೊಚಗುಟ್ಟಿದ ಹಾಗೆ. ಹಲ್ಲಿ ಲೊಚಗುಟ್ಟಿದರೆ ಆಗ ಆಡಿದ ಮಾತು ನಿಜವಾಗುತ್ತೆ ಅಂತಾರಲ್ಲ, ಹಿಂದಿನ ಸೀಟಿನಲ್ಲಿ ನಮ್ಮನೆಯವಳು ಆಗ ತಾನೇ ಆಡಿದ್ದ ಮಾತು, ‘ಈ ಜೀಪು ಇವತ್ತು ಕೈ ಕೊಡುತ್ತೆ, ನೋಡ್ತಿರಿ.’

ನಾವಿದ್ದದ್ದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಅಂಚಿನಲ್ಲಿ. ಡ್ಯಾಮ್ ತುಂಬಿ 124.80 ಅಡಿ ಮುಟ್ಟಿ ನಾಲ್ಕು ದಿನವಾಗಿತ್ತು. ಮಂಡ್ಯದವರಿಗೆ ಈ ಸಂಖ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾದ ತಾರೀಖು ಮರೆತೇವು, ಇದನ್ನು ಮರೆಯೋದಿಲ್ಲ. ನಮ್ಮಪ್ಪ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮೊದಲು ನೋಡೋದು ಡ್ಯಾಮಿನ ಮಟ್ಟ, ಆಮೇಲೆ ಶ್ರದ್ಧಾಂಜಲಿ, ಆಮೇಲೆ ಉಳಿದ ದೇಶ. ಹಾಗಾಗಿ ‘ತುಂಬಿದ ಕಟ್ಟೆ ನೋಡಿಕೊಂಡು ಬರೋಣ’ ಅಂತ ಅಪ್ಪ ಅಂದಾಗ ಯಾರೂ ಇಲ್ಲ ಅನ್ನಲಿಲ್ಲ. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದರ್ಶನವಾಯಿತು. ಅಲ್ಲಿಂದ ಸುಮ್ನೆ ಟಾರ್ ರೋಡಲ್ಲಿ ವಾಪಸ್ ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನನ್ನ ಬಾಮೈದ ಬಿಡಬೇಕಲ್ಲ. ‘ಜೀಪ್ ಇಟ್ಕೊಂಡು ಟಾರ್ ರೋಡಲ್ಲಿ ಹೋಗೋದಾದ್ರೆ ಆಟೋ ಮಾಡ್ಕೊಂಡೇ ಬರಬಹುದಿತ್ತಲ್ಲ ಭಾವ’ ಅಂದ. ಗಂಡಸಿನ ಮಾನಕ್ಕೆ ಕೈ ಹಾಕಿದರೆ ಸ್ಟಿಯರಿಂಗ್ ತಾನಾಗಿಯೇ ಮಣ್ಣುದಾರಿಗೆ ತಿರುಗುತ್ತದೆ.

ಈಗ ಟಕ್ ಟಕ್ ಕೇಳಿ ಅದೇ ಬಾಮೈದ ಹಲ್ಲು ಬಿಟ್ಟ. ‘ಯಾಕ್ ಹೆದರ್ತೀರಾ ಭಾವ? ಡಬ್ಬ ಇದೆಯಲ್ಲ!’

ಡಬ್ಬದ ಕಥೆ ಹೇಳಬೇಕು. ನನ್ನದು ತೊಂಬತ್ತರ ದಶಕದ ಡೀಸೆಲ್ ಜೀಪು, ನಾನು ಮೂರನೇ ಓನರ್. ಹೋದ ವರ್ಷ ಒಂದು ದಿನ ಸಂಜೆ ನೂರಡಿ ರಸ್ತೆಯಲ್ಲಿ, ಜನ ಪಾನಿಪುರಿ ತಿನ್ನುವ ಹೊತ್ತಿಗೆ ಸರಿಯಾಗಿ, ಸೆಲ್ಫ್ ಎತ್ತಲಿಲ್ಲ. ತಳ್ಳೋಕೆ ಬಂದವರಲ್ಲಿ ಒಬ್ಬ ನನ್ನ ಹಳೇ ಸ್ಟೂಡೆಂಟು. ‘ಸಾರ್, ಪಾಠದಲ್ಲಿ ಸೆಲ್ಫ್ ಸ್ಟಾರ್ಟರ್ ಆಗಿ ಅಂತ ಹೇಳ್ತಿದ್ರಲ್ಲ’ ಅಂದ. ಅವತ್ತು ರಾತ್ರಿಯೇ ಫೋನಿನಲ್ಲಿ, ಬ್ಯಾಟರಿ ಸತ್ತ ಗಾಡಿಯನ್ನು ಎಬ್ಬಿಸುವ ಜಂಪ್ ಸ್ಟಾರ್ಟರ್ ಬುಕ್ ಮಾಡಿದೆ. ಬಂದದ್ದು ಊಟದ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಒಳಗೆ ಲಿಥಿಯಂ ಬ್ಯಾಟರಿ, ಹೊರಗೆ ಕೆಂಪು ಕಪ್ಪು ಎರಡು ಕ್ಲಿಪ್ಪು, ಫೋನ್ ಚಾರ್ಜ್ ಮಾಡುವ ಎರಡು ತೂತು, ಒಂದು ಟಾರ್ಚು, ಎಷ್ಟು ಚಾರ್ಜಿದೆ ಅಂತ ತೋರಿಸೋಕೆ ನಾಲ್ಕು ಹಸಿರು ದೀಪ. ಮೇಲೆ ದಪ್ಪಕ್ಷರದಲ್ಲಿ 2000 ಆಂಪ್ಸ್ ಅಂತ ಬರೆದಿತ್ತು. ಈ ಸಂಖ್ಯೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ, ಹುಡುಗಿ ನೋಡೋಕೆ ಬಂದಾಗ ಗಂಡಿನ ಕಡೆಯವರು ಹೇಳುವ ಸಂಬಳದ ಹಾಗೆ. ಆದರೂ ಡಬ್ಬ ಮೋಸ ಮಾಡಲಿಲ್ಲ ಅನ್ನಿ. ಮೊದಲ ವಾರವೇ ಮನೆ ಮುಂದೆ ಟ್ರಯಲ್ ನೋಡಿದೆ. ಕೆಂಪನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಎಂಜಿನ್ನಿನ ಬರೀ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತಂತೆ, ಅದರ ಪಕ್ಕದಲ್ಲೇ ಕಿಡಿ ಹಾರಿದರೆ ದೀಪಾವಳಿ. ಕೀ ತಿರುಗಿಸಿದೆ, ಜೀಪು ಗುರ್ ಅಂತ ಎದ್ದು ಕೂತಿತು. ಬೀದಿಯವರೆಲ್ಲ ನೋಡಿದರು. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಕಡ ತರುವ ಜಂಪರ್ ಕೇಬಲ್ ಇನ್ಯಾಕೆ ಅಂತ ತೆಗೆದು ಅಟ್ಟಕ್ಕೆ ಎಸೆದೆ.

ತಪ್ಪಾದದ್ದು ಮ್ಯಾನುಯಲ್ ಓದಿದ್ದರಿಂದ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಇದನ್ನು ಇಡಬೇಡಿ, ಕಾವು ಲಿಥಿಯಂಗೆ ಆಗೋದಿಲ್ಲ ಅಂತ ಅದರಲ್ಲಿತ್ತು. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಹಪ್ಪಳ ಒಣಗಿಸಬಹುದು. ಸರಿ, ಡಬ್ಬವನ್ನು ಮನೆಯೊಳಗೆ ತಂದು ಟಿವಿ ಪಕ್ಕ ಇಟ್ಟೆ. ಅಲ್ಲಿಗೆ ಅದು ಜೀಪಿನ ಆಸ್ತಿಯಾಗಿದ್ದದ್ದು ಅವಿಭಕ್ತ ಕುಟುಂಬದ ಆಸ್ತಿಯಾಯಿತು.

ಕರೆಂಟ್ ಹೋದರೆ ಅಡುಗೆಮನೆಯಲ್ಲಿ ಅದರ ಟಾರ್ಚು. ಮಗನ ಫೋನಿಗೆ ಮ್ಯಾಚ್ ನೋಡುವಾಗ ಅದರ ಕರೆಂಟು. ನಮ್ಮನೆಯವಳು ತಂಗಿ ಜೊತೆ ಮಾತಾಡುವಾಗಂತೂ ಫೋನಿಗೆ ಅದು ಡ್ರಿಪ್ ಹಾಕಿದ ಹಾಗೆ ಅಂಟಿಕೊಂಡೇ ಇರುತ್ತಿತ್ತು. ಪಕ್ಕದ ಮನೆ ಆಂಟಿ ಗೌರಿ ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕೋಕೆ ಕೇಳಿಕೊಂಡು ಹೋಗಿ ಮೂರು ದಿನ ಬಿಟ್ಟು ಮೋದಕದ ಸಮೇತ ವಾಪಸ್ ಕೊಟ್ಟರು. ಎಲ್ಲರೂ ಬಳಸಿದರು. ಚಾರ್ಜಿಗೆ ಹಾಕಬೇಕು ಅಂತ ಮಾತ್ರ ಯಾರಿಗೂ ಅನಿಸಲಿಲ್ಲ. ಬಾವಿಯಿಂದ ನೀರು ಸೇದುವವರು ಬಾವಿಗೆ ನೀರು ಹಾಕ್ತಾರಾ?

ಹಿನ್ನೀರಿನ ಕಥೆಗೆ ಬರೋಣ. ಮಣ್ಣುದಾರಿ ಕೊಚ್ಚೆಯಾಗಿತ್ತು. ಟೈರಿನ ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಜಾಸ್ತಿ ಸಿಗುತ್ತದೆ. ಅದಕ್ಕೆ 30 ಇದ್ದದ್ದನ್ನು ನಾಲ್ಕೂ ಟೈರಲ್ಲಿ 18ಕ್ಕೆ ಇಳಿಸಿ ಹೋದೆವು. ಅಲ್ಲಿಯವರೆಗೆ ಎಲ್ಲ ಚೆನ್ನ. ನೀರಿನ ಹತ್ತಿರ ಜಮಖಾನೆ ಹಾಸಿ ಪುಳಿಯೋಗರೆ, ಮೊಸರನ್ನ. ವಾಪಸ್ ಹೋಗುವ ಮೊದಲು ಟೈರಿಗೆ ಗಾಳಿ ತುಂಬಬೇಕಲ್ಲ, ಬಾಮೈದ ಕಂಪ್ರೆಸರ್ ತೆಗೆದು ಬ್ಯಾಟರಿಗೆ ಕಚ್ಚಿಸಿದ. ಎಂಜಿನ್ ಆನ್ ಇಟ್ಟುಕೊಂಡೇ ಈ ಕೆಲಸ ಮಾಡಬೇಕು ಅಂತ ನನಗೆ ಗೊತ್ತಿತ್ತು, ಆನ್ ಇಟ್ಟೂ ಇದ್ದೆ. ‘ರೀ, ಅನ್ನಕ್ಕೆಲ್ಲ ಹೊಗೆ ಬರ್ತಿದೆ, ಅದನ್ನ ಆಫ್ ಮಾಡಿ’ ಅಂದಳು. ಆಫ್ ಮಾಡಿದೆ. ಆ ಕಂಪ್ರೆಸರ್ ಸುಮಾರು 30 ಆಂಪ್ಸ್ ಎಳೆಯುತ್ತದೆ. ನಾಲ್ಕು ಟೈರಿಗೆ ಇಪ್ಪತ್ತು ನಿಮಿಷ. ಜೊತೆಗೆ ಹಾಡು ಬೇರೆ. ಗಟ್ಟಿಮುಟ್ಟಾದ ಬ್ಯಾಟರಿಯಾಗಿದ್ದರೆ ಇದು ಲೆಕ್ಕಕ್ಕೇ ಇಲ್ಲ. ನನ್ನದು ನಾಲ್ಕು ವರ್ಷದ ಮುದಿ ಬ್ಯಾಟರಿ, ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಹಳೇ ಉಪ್ಪಿನಕಾಯಿ ಜಾಡಿಯ ಬಾಯಿಯ ಹಾಗೆ ಕಟ್ಟಿಕೊಂಡಿತ್ತು.

ಬಾಮೈದ ಡಬ್ಬ ತಂದು ಬಟನ್ ಒತ್ತಿದ. ನಾಲ್ಕು ದೀಪದಲ್ಲಿ ಒಂದೇ ಒಂದು ಹತ್ತಿತು. ಅದೂ ಮಿಣಮಿಣ.

ಯಾರೂ ಮಾತಾಡಲಿಲ್ಲ. ಮಗ ತನ್ನ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡ. ಅದರಲ್ಲಿ 97 ಪರ್ಸೆಂಟ್ ಇತ್ತು, ನಾನು ನೋಡಿದೆ.

ಆದರೂ ಕ್ಲಿಪ್ ಹಾಕಿ ಕೀ ತಿರುಗಿಸಿದೆವು. ಡಬ್ಬ ಎರಡು ಸಲ ಕೀಂಯ್ ಕೀಂಯ್ ಅಂದು ಕೆಂಪು ದೀಪ ತೋರಿಸಿ ಕೈ ಎತ್ತಿಬಿಟ್ಟಿತು. ಹೊಟ್ಟೆ ಉರಿಯುವ ವಿಷಯ ಏನು ಗೊತ್ತಾ? ನನ್ನ ಜೀಪಿನ ಸೆಲ್ಫಿಗೆ ಬೇಕಾದ್ದು ಬರೀ ಮೂರು ಸೆಕೆಂಡಿನ ಕರೆಂಟು. ಲೆಕ್ಕ ಹಾಕಿದರೆ ಒಂದು ಫೋನನ್ನು ಪೂರ್ತಿ ತುಂಬಿಸುವ ಕರೆಂಟಲ್ಲಿ ಈ ಜೀಪನ್ನು ಏಳೆಂಟು ಸಲ ಎಬ್ಬಿಸಬಹುದು. ಆದರೆ ಆ ಮೂರು ಸೆಕೆಂಡಲ್ಲಿ ಇನ್ನೂರು ಮುನ್ನೂರು ಆಂಪ್ಸ್ ಒಟ್ಟಿಗೇ ನುಗ್ಗಬೇಕು. ಫೋನಿಗಾದರೆ ನಲ್ಲಿ ತೊಟ್ಟಿಕ್ಕಿದರೂ ಸಾಕು, ಜೀಪಿಗೆ ಡ್ಯಾಮಿನ ಕ್ರೆಸ್ಟ್ ಗೇಟೇ ಎತ್ತಬೇಕು. ತಳದಲ್ಲಿರುವ ನೀರಿಗೆ ಗೇಟ್ ಎತ್ತಿ ಏನು ಪ್ರಯೋಜನ?

ಇದನ್ನು ಅಪ್ಪನಿಗೆ ಹೀಗೇ ವಿವರಿಸಿದೆ. ವೋಲ್ಟ್ ಮೀಟರ್ ಹಿಡಿದು, ಜೀಪಿನ ಬ್ಯಾಟರಿ ತುಂಬಿದ್ದರೆ 12.6, ಅರ್ಧ ಆದರೆ 12.2, ಈಗ 11.7 ಅಂತ ತೋರಿಸಿದೆ. ಅಪ್ಪನಿಗೆ ತಟ್ಟನೆ ಹಿಡಿಯಿತು. ‘ಹಾಗನ್ನು! 12.6 ಅಂದ್ರೆ 124.80. ಈಗ ಇರೋದು ಡೆಡ್ ಸ್ಟೋರೇಜ್!’ ಅಂದರು. ಆಮೇಲೆ ಕಲ್ಲಿನ ಮೇಲೆ ಕೂತು ಇತಿಹಾಸ ಶುರು ಮಾಡಿದರು. 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕಳಿಸಿದ್ದರು. ಬೇಸಿಗೆಯಲ್ಲಿ ಹೊಳೆ ಇಳಿದರೆ ಗಣಿಗೆ ಕರೆಂಟ್ ಸಾಲುತ್ತಿರಲಿಲ್ಲ. 1911ರಲ್ಲಿ ಈ ಕಟ್ಟೆ ಕೆಲಸ ಶುರುವಾಗೋಕೆ ಹೊಲಗದ್ದೆ ಎಷ್ಟು ಕಾರಣವೋ ಅದೂ ಅಷ್ಟೇ ಕಾರಣ. ‘ನಿನ್ನೆದುರಿಗೆ ಇರೋದೇ ಬ್ಯಾಕಪ್ಪು ಕಣೋ, 49 ಟಿಎಂಸಿ! ಅವರು ಕೋಲಾರದ ತನಕ ಕಳಿಸಿದ್ರು. ನಿನಗೆ ಬಾನೆಟ್ಟಿಂದ ಸೆಲ್ಫ್ ತನಕ ಮೂರಡಿ ಕಳಿಸೋಕಾಗ್ಲಿಲ್ಲ.’

ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು. ಹಳೇ ಡೀಸೆಲ್ ಎಂಜಿನ್ನಿಗೆ ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲ, ಚಕ್ರ ಉರುಳಿದರೆ ಸಾಕು, ಎರಡನೇ ಗೇರಲ್ಲಿ ಕ್ಲಚ್ ಬಿಟ್ಟರೆ ಎದ್ದೇಳುತ್ತದೆ. ಆದರೆ ಕೊಚ್ಚೆಯಲ್ಲಿ ಒಂದೂವರೆ ಟನ್ ತಳ್ಳೋರು ಯಾರು? ಇಳಿಜಾರೇನೋ ಇತ್ತು, ಒಳ್ಳೆಯ ಇಳಿಜಾರೇ. ನೇರ ಕಾವೇರಿಯೊಳಕ್ಕೆ. ಬಾಮೈದ ಅದನ್ನೂ ಲೆಕ್ಕ ಹಾಕಿದ. ‘ಇಪ್ಪತ್ತಡಿ ಸಾಕು ಭಾವ, ನೀರು ಮೂವತ್ತಡಿ ದೂರ ಇದೆ.’ ಆಗ ನಮ್ಮನೆಯವಳು ಪುಳಿಯೋಗರೆ ಡಬ್ಬದ ಮುಚ್ಚಳ ಹಾಕುತ್ತಾ ಅಂದಳು, ‘ಬಾಗಿನ ಮುಖ್ಯಮಂತ್ರಿಗಳು ಕೊಡ್ತಾರೆ. ನೀವೇನೂ ಜೀಪ್ ಬಿಡಬೇಕಾಗಿಲ್ಲ.’

ಮುಕ್ಕಾಲು ಗಂಟೆ ಕಾದ ಮೇಲೆ ಟ್ರ್ಯಾಕ್ಟರ್ ಸದ್ದು ಕೇಳಿತು. ಸೀಮೆಹುಲ್ಲಿನ ಹೊರೆ ಹೇರಿಕೊಂಡು ಒಬ್ಬರು ಬರುತ್ತಿದ್ದರು. ನಾನು ಎರಡೂ ಕೈ ಎತ್ತಿ ಅಡ್ಡ ನಿಂತೆ.

‘ಏನಾಯ್ತು ಸಾ?’

‘ಬ್ಯಾಟರಿ ಡೌನ್ ಅಣ್ಣ. ನಿಮ್ಮ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ಐದು ನಿಮಿಷ ಕೊಟ್ರೆ...’

‘ಬ್ಯಾಟ್ರಿ ಎಲ್ಲದೆ ಸಾ ಇದ್ರಲ್ಲಿ? ಮನೇಲಿ ಯುಪಿಎಸ್‌ಗೆ ಆಕ್ಬುಟ್ಟು ಆರ್ ತಿಂಗ್ಳಾಯ್ತು.’

‘ಮತ್ತೆ ಸ್ಟಾರ್ಟ್ ಹೆಂಗೆ ಮಾಡ್ತೀರಾ?’

ಅವರು ನನ್ನನ್ನು, ಇಷ್ಟು ಓದಿದವನಿಗೆ ಇದೂ ಗೊತ್ತಿಲ್ವಲ್ಲ ಅನ್ನೋ ಹಾಗೆ ನೋಡಿದರು. ‘ದಿಬ್ಬದ ಮ್ಯಾಲೆ ನಿಲ್ಲುಸ್ತೀನಿ. ಬೆಳಗ್ಗೆ ಬುಟ್ರೆ ಉರುಳ್ಕಂಡು ಎದ್ದೇಳ್ತದೆ. ಸಾಯಂಕಾಲದ್ ಗಂಟ ಆಫ್ ಮಾಡಕಿಲ್ಲ, ಅಷ್ಟೆಯ.’ ಆಮೇಲೆ ನಮ್ಮ ಜೀಪು, ಅದರ ಮೂತಿ, ಆ ಮೂತಿಯ ಮುಂದಿನ ನೀರು, ಎಲ್ಲ ನೋಡಿ, ‘ನೀವು ಒಳ್ಳೇ ಅಳ್ಳದಲ್ಲಿ ನಿಲ್ಸ್‌ಬುಟ್ಟಿದ್ದೀರಿ’ ಅಂದರು.

ಹುಲ್ಲಿನ ಹೊರೆ ಕಟ್ಟಿದ್ದ ಹಗ್ಗ ಬಿಚ್ಚಿ ಜೀಪಿನ ಹಿಂದಿನ ಕೊಕ್ಕೆಗೆ ಕಟ್ಟಿದರು. ಟ್ರ್ಯಾಕ್ಟರ್ ಎಳೆಯಿತು. ಮೊದಲು ನೀರಿನಿಂದ ದೂರ, ಆಮೇಲೆ ಮೇಲಿನ ಗಟ್ಟಿ ನೆಲಕ್ಕೆ. ಅಲ್ಲಿ ಹಗ್ಗವನ್ನು ಮುಂದಕ್ಕೆ ಕಟ್ಟಿ ಇನ್ನೊಂದು ಸಲ ಎಳೆದರು. ಎರಡನೇ ಗೇರು, ಕ್ಲಚ್ ಬಿಟ್ಟೆ, ಜೀಪು ಒಂದು ಸಲ ಕೆಮ್ಮಿ, ಕರೀ ಹೊಗೆ ಕಾರಿ ಎದ್ದಿತು. ಅಷ್ಟು ಹೊತ್ತೂ ಅವರ ಟ್ರ್ಯಾಕ್ಟರ್ ಆಫ್ ಆಗಲಿಲ್ಲ. ಈಗ ನನ್ನ ಜೀಪೂ ಆಫ್ ಮಾಡುವ ಹಾಗಿಲ್ಲ. ಎರಡು ಡೀಸೆಲ್ ಎಂಜಿನ್ ನಡುವೆ ನಿಂತು ನಾವಿಬ್ಬರೂ ಜಾತ್ರೆಯಲ್ಲಿ ಕೂಗಿದ ಹಾಗೆ ಕೂಗಿಕೊಂಡು ಮಾತಾಡಿದೆವು. ಐನೂರು ರೂಪಾಯಿ ಕೊಡೋಕೆ ಹೋದೆ.

‘ಕಾಸೆಲ್ಲ ಬ್ಯಾಡಿ ಸಾ’ ಅಂದರು. ಕಣ್ಣು ಬಾನೆಟ್ ಮೇಲಿದ್ದ ಡಬ್ಬದ ಮೇಲಿತ್ತು. ‘ಅದ್ರಲ್ಲಿ ಫೋನ್ಗೆ ಒಸಿ ಚಾರ್ಜ್ ಆಯ್ತದಾ? ನಂದು ಸತ್ತೋಗದೆ.’

ಆಗುತ್ತೆ ಅಂದೆ. ಮಿಣುಕುತ್ತಿದ್ದ ಆ ಒಂದು ದೀಪದಲ್ಲಿ ಅವರ ಫೋನಿಗೆ ಒಂಬತ್ತು ಪರ್ಸೆಂಟ್ ಏರಿತು. ಮನೆಗೆ ಫೋನ್ ಮಾಡಿ, ‘ಒಸಿ ಲೇಟಾಯ್ತದೆ ಕಣಮ್ಮಿ, ಪ್ಯಾಟೆಯೋರ್ದು ಗಾಡಿ ಕೂತೋಗದೆ’ ಅಂದರು. ಅಷ್ಟು ಮಾಡಿ ಡಬ್ಬ ಆರಿಹೋಯಿತು.

ಮಾರನೇ ದಿನ ಹೊಸ ಬ್ಯಾಟರಿ ಹಾಕಿಸಿದೆ. ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ ಇಟ್ಟು, ಹಾಡು ಕಂಪ್ರೆಸರ್ ಎಲ್ಲ ಅದಕ್ಕೇ ಕೊಟ್ಟು, ಮೊದಲನೆಯದನ್ನು ಸೆಲ್ಫಿಗೆ ಮೀಸಲಿಡಬಹುದು ಅಂತ ಬಾಮೈದ ಸ್ಕೀಮ್ ತಂದ. ಬಿಲ್ ನೋಡಿ ಕೈಬಿಟ್ಟೆ. ಜಂಪರ್ ಕೇಬಲ್ಲನ್ನು ಅಟ್ಟದಿಂದ ಇಳಿಸಿದೆ. ದಿಬ್ಬದ ಮೇಲೆ ನಿಲ್ಲಿಸೋಣ ಅಂದರೆ ಮಂಡ್ಯದಲ್ಲಿ ದಿಬ್ಬ ಎಲ್ಲಿದೆ ಹೇಳಿ. ಎರಡು ಬೀದಿ ಆಚೆ ಒಂದು ಛತ್ರದ ಮುಂದಿನ ರಾಂಪ್ ಸಿಕ್ಕಿತ್ತು, ವಾಚ್‌ಮನ್ ಎಬ್ಬಿಸಿ ಕಳಿಸಿದ.

ಡಬ್ಬದ ಉಸ್ತುವಾರಿಯನ್ನು ಅಪ್ಪ ವಹಿಸಿಕೊಂಡಿದ್ದಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬೆಳಿಗ್ಗೆ ಎರಡು ಸಾಲು ಬರೆಯುತ್ತಾರೆ. ಮೇಲಿನದು ಡ್ಯಾಮು, ಕೆಳಗಿನದು ಡಬ್ಬ. ಗರಿಷ್ಠ ಮಟ್ಟ ನಾಲ್ಕು ದೀಪ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಎರಡು ವಾರ ನಾಲ್ಕರಲ್ಲೇ ನಿಂತಿತ್ತು. ಮೊನ್ನೆ ಸೋಮವಾರ ಬೆಳಿಗ್ಗೆ ನೋಡಿದರೆ ಎರಡು. ಅಪ್ಪ ಕನ್ನಡಕ ಸರಿ ಮಾಡಿಕೊಂಡು, ಹಾಲ್ ನಡುವೆ ನಿಂತು, ಒಂದೇ ರಾತ್ರಿಯಲ್ಲಿ ಇಷ್ಟೊಂದು ಎಲ್ಲಿಗೆ ಹೋಯಿತು ಅಂತ ಎಲ್ಲರನ್ನೂ ಕೇಳಿದರು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ನಮ್ಮನೆಯವಳು ಒಗ್ಗರಣೆಯಲ್ಲಿದ್ದಳು. ಮಗ ಫೋನನ್ನು ಬೆನ್ನ ಹಿಂದೆ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದ.

‘ತಮಿಳ್ನಾಡಿಗೆ ತಾತ’ ಅಂದ.