ಮತ್ತಿತರರು ಉಪಸ್ಥಿತರಿದ್ದರು

ತುಂಗಭದ್ರಾ ಎಡದಂಡೆ ಕಾಲುವೆಯ ಮಗ್ಗುಲಲ್ಲಿರುವ ನಮ್ಮೂರಿನಲ್ಲಿ ಭತ್ತವನ್ನು ಬಿಟ್ಟರೆ ಹುಲುಸಾಗಿ ಬೆಳೆಯುವುದು ಪ್ರಕಟಣೆ. ಭತ್ತಕ್ಕಾದರೆ ಕಾಲುವೆಗೆ ನೀರು ಬಿಡಬೇಕು, ಯೂರಿಯಾ ಸಿಗಬೇಕು, ಕೊಯ್ಲಿನ ಹೊತ್ತಿಗೆ ಮಳೆ ಸುರಿಯದಿರಬೇಕು. ಪ್ರಕಟಣೆಗೆ ಇವು ಯಾವುದರ ಹಂಗೂ ಇಲ್ಲ. ಗಂಗಾವತಿಯಿಂದ ಕಾರಟಗಿ ದಾಟಿ ಸಿಂಧನೂರಿಗೆ ಹೋಗುವ ರಸ್ತೆಯ ಅಕ್ಕಿ ಗಿರಣಿಗಳಾದರೂ ಹಂಗಾಮು ಮುಗಿದ ಮೇಲೆ ಕೆಲವು ದಿನ ಸುಮ್ಮನಾಗುತ್ತವೆ. ನಮ್ಮ ಪುರಸಭೆಯ ಪ್ರಕಟಣೆಯ ಆಟೊ ಮಾತ್ರ ಯುಗಾದಿ ಅಮಾವಾಸ್ಯೆಯ ದಿನವೂ ಓಣಿಗೆ ಬರುತ್ತದೆ. ಕಸ ಒಯ್ಯುವ ಗಾಡಿ ಬರದಿರಬಹುದು, ಕಸವನ್ನು ಹಸಿ ಒಣ ಎಂದು ಬೇರ್ಪಡಿಸಿ ಇಟ್ಟುಕೊಳ್ಳಿರಿ ಎಂದು ಹೇಳುವ ಗಾಡಿ ತಪ್ಪುವುದಿಲ್ಲ.

ಹಿಂದೆ ಡಂಗುರ ಸಾರುವವನು ಓಣಿಯ ಕಟ್ಟೆಯ ಮುಂದೆ ನಿಂತು ಹಲಗೆ ಬಾರಿಸುತ್ತಿದ್ದ. ಅವನನ್ನು ತಡೆದು, 'ನಾಳೆ ಎಷ್ಟು ಹೊತ್ತಿಗೆ ನಳ ಬರುತ್ತದಪ್ಪ' ಎಂದು ಕೇಳಿದರೆ, ಗೊತ್ತಿದ್ದರೆ ಹೇಳುತ್ತಿದ್ದ, ಇಲ್ಲದಿದ್ದರೆ ಸಾಹೇಬರನ್ನು ಕೇಳಿರೆಂದು ಕೈ ತೋರಿಸುತ್ತಿದ್ದ. ಈಗಿನ ಆಟೊದಲ್ಲಿ ಚಾಲಕನಿಗೆ ತಾನು ಏನನ್ನು ಸಾರುತ್ತಿದ್ದೇನೆ ಎಂಬುದೇ ತಿಳಿದಿರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ತುಂಬಿಕೊಟ್ಟ ಹೆಣ್ಣು ದನಿಯೊಂದು ಅತ್ಯಂತ ಸೌಜನ್ಯದಿಂದ, ಎಂಟು ದಿನಕ್ಕೊಮ್ಮೆ ಬರುವ ನೀರನ್ನು ಮಿತವಾಗಿ ಬಳಸಬೇಕೆಂದೂ, ಏಪ್ರಿಲ್ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಉಂಟೆಂದೂ ಹೇಳಿಕೊಂಡು ಹೋಗುತ್ತದೆ. ರಿಯಾಯಿತಿಯ ಸಂಗತಿ ನಿಜ. ಆದರೆ ಪೆನ್‌ಡ್ರೈವ್ ಬದಲಿಸುವವರು ರಜೆಯಲ್ಲಿದ್ದ ಕಾರಣ ಅದು ದೀಪಾವಳಿಯ ತನಕವೂ ಸಾರಲ್ಪಟ್ಟು, ರಿಯಾಯಿತಿಯ ಆಸೆಯಿಂದ ಹೋದವರು ದಂಡದ ಬಡ್ಡಿ ಕಟ್ಟಿ ಬಂದರು.

ಈ ಆಟೊದ ಪ್ರಕಟಣೆಗಳಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು ಹಂದಿಗಳ ಮಾಲೀಕರನ್ನು ಉದ್ದೇಶಿಸಿದ್ದು. ಏಳು ದಿನಗಳೊಳಗೆ ತಮ್ಮ ಹಂದಿಗಳನ್ನು ಊರಿನ ಹೊರಗೆ ಸಾಗಿಸಬೇಕು, ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು ಎಂದು ಅದು ಗುಡುಗುವಾಗ, ಸಂತೆ ಮೈದಾನದ ಹಿಂದಿನ ಚರಂಡಿಯಲ್ಲಿ ಮಲಗಿರುವ ಹಂದಿಗಳು ಒಮ್ಮೆ ಕಿವಿಯೆತ್ತಿ, ದನಿ ಪರಿಚಿತವೆಂದು ಖಚಿತವಾದ ಮೇಲೆ ಮತ್ತೆ ಮಗ್ಗುಲು ಬದಲಿಸುತ್ತವೆ. ಏಳು ದಿನಗಳ ಈ ಗಡುವು ಪ್ರತಿ ವಾರವೂ ಹೊಸದಾಗಿ ಆರಂಭವಾಗುವುದರಿಂದ ಕಾನೂನಿನ ಪ್ರಕಾರ ಅದು ಇನ್ನೂ ಮೀರಿಲ್ಲ.

ಆಟೊ ಮುಂದಿನ ಓಣಿಗೆ ಹೋಗುವ ಹೊತ್ತಿಗೆ ಪತ್ರಿಕೆ ಬಂದು ಬಿದ್ದಿರುತ್ತದೆ. ಅದರ ಜಿಲ್ಲಾ ಪುಟವನ್ನು ಓದುವ ಯಾರಿಗಾದರೂ ನಮ್ಮೂರು ಸಿಂಗಪುರವಾಗಲು ಇನ್ನು ಹೆಚ್ಚೆಂದರೆ ಎರಡು ವಾರ ಸಾಕು ಎನ್ನಿಸಬೇಕು. ದಿನಕ್ಕೊಂದು ಭೂಮಿಪೂಜೆ ನಡೆಯುತ್ತದೆ. ನಮ್ಮ ವಾರ್ಡಿನ ಸಿಸಿ ರಸ್ತೆಯೊಂದಕ್ಕೇ ಮೂರು ಸಲ ಆಗಿದೆ: ಅನುದಾನ ಮಂಜೂರಾಯಿತೆಂಬ ಸುದ್ದಿ ಬಂದಾಗ ಒಮ್ಮೆ, ಆ ಅನುದಾನ ಬೇರೆಡೆಗೆ ಹೋಗಿ ಮತ್ತೊಂದು ಲೆಕ್ಕಶೀರ್ಷಿಕೆಯಲ್ಲಿ ಮರಳಿದಾಗ ಇನ್ನೊಮ್ಮೆ, ಚುನಾವಣೆ ಮುಗಿದು ಜನಪ್ರತಿನಿಧಿ ಬದಲಾದಾಗ ಮಗದೊಮ್ಮೆ. ಹಿಂದಿನ ಪ್ರತಿನಿಧಿ ಪೂಜಿಸಿದ ನೆಲದ ಮೇಲೆ ಈಗಿನವರು ರಸ್ತೆ ಮಾಡಿಸುವುದು ಶಿಷ್ಟಾಚಾರಕ್ಕೆ ವಿರುದ್ಧವಂತೆ.

ಮೂರನೆಯ ಪೂಜೆಗೆ ನಾನೂ ಹೋಗಿದ್ದೆ. ಗುತ್ತಿಗೆದಾರರ ಜೀಪಿನ ಹಿಂಬದಿಯಿಂದ ಅರಿಶಿನ ಬಳಿದ, ಹಿಡಿಕೆಗೆ ಬಾಳೆಯ ಎಲೆ ಕಟ್ಟಿದ ಗುದ್ದಲಿಯೊಂದು ಹೊರಬಂತು. ಹಿಡಿಕೆ ನುಣ್ಣಗಿತ್ತು, ಆದರೆ ಅಲಗು ಅಂಗಡಿಯಿಂದ ತಂದಂತೆಯೇ ಇತ್ತು. ಅಂಟಿಸಿದ್ದ ಬೆಲೆಯ ಚೀಟಿಯೂ ಪೂರ್ತಿ ಹರಿದಿರಲಿಲ್ಲ. ಅದು ತಾಲ್ಲೂಕಿನ ಎಲ್ಲ ಭೂಮಿಪೂಜೆಗಳಿಗೂ ಹೋಗಿ ಬರುವ ಗುದ್ದಲಿಯೆಂದೂ, ಇಲ್ಲಿಯವರೆಗೆ ಒಂದು ಬುಟ್ಟಿ ಮಣ್ಣನ್ನೂ ತೆಗೆದದ್ದಲ್ಲವೆಂದೂ ಜೀಪಿನ ಚಾಲಕ ಹೆಮ್ಮೆಯಿಂದಲೇ ತಿಳಿಸಿದ. ಆ ಒಂದು ಹಿಡಿಕೆಯನ್ನು ಹದಿನಾಲ್ಕು ಕೈಗಳು ಹಿಡಿದಿದ್ದವು. ಕೈ ಎಟುಕದವರು ಹಿಡಿದವರ ಮೊಣಕೈ ಹಿಡಿದರು, ಅದೂ ಎಟುಕದವರು ಕ್ಯಾಮೆರಾವನ್ನು ನೋಡಿದರು. ಛಾಯಾಗ್ರಾಹಕ 'ಸಾರ್, ಇನ್ನೊಂದು ಸಲ' ಎಂದಾಗ, ಆಗಲೇ ಒಡೆದಿದ್ದ ತೆಂಗಿನಕಾಯಿಯ ಎರಡು ಹೋಳುಗಳನ್ನು ಜೋಡಿಸಿ ಹಿಡಿದು ಇನ್ನೊಮ್ಮೆ ಒಡೆಯಲಾಯಿತು.

ಮರುದಿನದ ಸುದ್ದಿಯಲ್ಲಿ ರಸ್ತೆಯ ಉದ್ದ, ಅಗಲ, ಮುಗಿಯುವ ಗಡುವು ಇವು ಯಾವುವೂ ಇರಲಿಲ್ಲ. ಇದ್ದದ್ದು ಒಂದೇ ವಾಕ್ಯ: ಈ ಸಂದರ್ಭದಲ್ಲಿ ಪುರಸಭೆ ಅಧ್ಯಕ್ಷರು, ಉಪಾಧ್ಯಕ್ಷರು, ಸ್ಥಾಯಿ ಸಮಿತಿಯ ಹಾಲಿ ಮತ್ತು ಮಾಜಿ ಅಧ್ಯಕ್ಷರು, ಹಿರಿಯ ಮುಖಂಡರು, ಯುವ ಮುಖಂಡರು, ಸಮಾಜ ಸೇವಕರು, ಗುತ್ತಿಗೆದಾರರು ಸೇರಿದಂತೆ ಮತ್ತಿತರರು ಉಪಸ್ಥಿತರಿದ್ದರು. (ಯುವ ಮುಖಂಡರಿಗೆ ಮೊಮ್ಮಗ ಹುಟ್ಟಿದ ಸುದ್ದಿ ಅದೇ ಪುಟದ ಕೆಳಭಾಗದಲ್ಲಿತ್ತು.) ಹೆಸರು ಅಚ್ಚಾದವರಿಗೂ ಮತ್ತಿತರರಿಗೂ ನಡುವೆ ಇರುವ ಅಂತರ ಹೊರಗಿನವರಿಗೆ ಅರ್ಥವಾಗುವಂಥದ್ದಲ್ಲ. ಎರಡು ಸಲ ಸತತವಾಗಿ ಮತ್ತಿತರರಲ್ಲಿ ಸೇರಿಹೋದವರೊಬ್ಬರು ಪಕ್ಷವನ್ನೇ ಬಿಟ್ಟರು. ಆ ಸುದ್ದಿಯಲ್ಲಿ ಅವರ ಹೆಸರು ಬಂತು, ಅವರೊಂದಿಗೆ ಪಕ್ಷ ಬಿಟ್ಟವರು ಮತ್ತಿತರರಾದರು.

ಇದೆಲ್ಲಕ್ಕೂ ಹಣ ಎಲ್ಲಿಂದ ಎಂದು ಯಾರೂ ಚಿಂತಿಸಬೇಕಾಗಿಲ್ಲ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗಿನಿಂದ ಬೀದರ್‌ನಿಂದ ಬಳ್ಳಾರಿಯವರೆಗಿನ ಈ ಹಿಂದುಳಿದ ಸೀಮೆಗೆ ಪ್ರತ್ಯೇಕ ಮಂಡಳಿ ಇದೆ, ಪ್ರತ್ಯೇಕ ಅನುದಾನವಿದೆ, ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿಯೂ ಇದೆ. ಮೀಸಲಾತಿಯಿಂದ ನಮ್ಮ ಮಕ್ಕಳು ವೈದ್ಯರೂ ಎಂಜಿನಿಯರರೂ ಆಗುತ್ತಿರುವುದನ್ನು ಅಲ್ಲಗಳೆಯಲಾಗದು. ಅದಕ್ಕಾಗಿ ದಶಕಗಟ್ಟಲೆ ಹೋರಾಡಿದವರನ್ನು ಮರೆಯಲೂ ಆಗದು. ಆದರೆ ಪ್ರಕಟಣೆಯಾದ ದಿನವೇ ಪೂರ್ತಿ ಜಾರಿಯಾದ ಯೋಜನೆ ನನಗೆ ತಿಳಿದಂತೆ ಒಂದೇ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಆ ವರ್ಷ ಫಲಕ ಬರೆಯುವವರ ಕಲ್ಯಾಣವಂತೂ ನಿಸ್ಸಂಶಯವಾಗಿ ಆಗಿದೆ.

ಫಲಕವೆಂದಾಗ ಫ್ಲೆಕ್ಸಿನ ಮಾತು ಬಂದೇ ಬರುತ್ತದೆ. 1981ರಷ್ಟು ಹಿಂದೆಯೇ ತೆರೆದ ಸ್ಥಳಗಳನ್ನು ವಿರೂಪಗೊಳಿಸಬಾರದೆಂದು ರಾಜ್ಯದಲ್ಲಿ ಕಾಯ್ದೆ ಬಂತು. 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸ್ ಮತ್ತು ಬಂಟಿಂಗ್‌ಗಳನ್ನೂ ಸರ್ಕಾರ ನಿಷೇಧಿಸಿತು. ಆ ನಿಷೇಧದ ನಂತರದ ವರ್ಷಗಳಲ್ಲಿ ನಮ್ಮೂರ ಬಸ್ ನಿಲ್ದಾಣದ ವೃತ್ತದಲ್ಲಿ ಹುಟ್ಟದ ನಾಯಕರೇ ಇಲ್ಲ. ಜನ್ಮದಿನದ ಫ್ಲೆಕ್ಸ್ ಇಳಿಯುವ ಮೊದಲೇ ಅದೇ ಭಾವಚಿತ್ರಕ್ಕೆ ಹಾರ ಹಾಕಿ ಶ್ರದ್ಧಾಂಜಲಿಯ ಫ್ಲೆಕ್ಸ್ ಏರಿಸಿದ ಪ್ರಸಂಗವೂ ಉಂಟು. ಎರಡರಲ್ಲಿಯೂ ಶುಭ ಕೋರುವವರ ಚಿತ್ರಗಳು ಅವೇ, ನಗುವೂ ಅದೇ. ನಿಲ್ದಾಣದ ಹೆಸರಿನ ಫಲಕ ಇವುಗಳ ಹಿಂದೆ ಮುಚ್ಚಿಹೋಗಿರುವುದರಿಂದ ರಾತ್ರಿ ಬಸ್ಸಿನಲ್ಲಿ ಬರುವ ಪರಸ್ಥಳದವರು, ಫ್ಲೆಕ್ಸಿನಲ್ಲಿರುವ ಮೀಸೆಯನ್ನು ನೋಡಿ ಊರು ಗುರುತಿಸುವುದನ್ನು ಕಲಿತಿದ್ದಾರೆ.

ವಿದ್ಯುತ್ತಿನ ಪ್ರಕಟಣೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ರಾಯಚೂರು ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಾಡಿಗೆಲ್ಲ ಬೆಳಕು ಕೊಡುತ್ತಿದೆ, ಬೂದಿಯನ್ನು ಮಾತ್ರ ಇಲ್ಲಿಯೇ ಉಳಿಸಿಕೊಂಡಿದೆ. ಏಪ್ರಿಲ್‌ನ ಬಿಸಿಲಿನಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನಿರ್ವಹಣಾ ಕಾಮಗಾರಿ ಇದೆ, ಗ್ರಾಹಕರು ಸಹಕರಿಸಬೇಕು ಎಂಬ ಸಂದೇಶ ಮೊಬೈಲಿಗೆ ಮಧ್ಯಾಹ್ನ ಮೂರಕ್ಕೆ ಬರುತ್ತದೆ. ಅಷ್ಟರಲ್ಲಿ ಗ್ರಾಹಕರು ಐದು ಗಂಟೆ ಸಹಕರಿಸಿಯೇ ಆಗಿರುತ್ತದೆ.

ಕಾಲುವೆಯ ಪ್ರಕಟಣೆಗಳದ್ದು ಬೇರೆಯೇ ತೂಕ. ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿಯ ಸಭೆ ಸೇರಿ, ಇಂಥ ದಿನದಿಂದ ಇಂಥ ದಿನದವರೆಗೆ ಇಷ್ಟು ಕ್ಯೂಸೆಕ್ ಎಂದು ತೀರ್ಮಾನಿಸಿ, ಕೊನೆಯ ಭಾಗದ ರೈತರಿಗೂ ನೀರು ತಲುಪಿಸಲಾಗುವುದು ಎಂದು ಸೇರಿಸುತ್ತದೆ. ಎಡದಂಡೆಯ ಮುಖ್ಯ ಕಾಲುವೆ 227 ಕಿಲೊಮೀಟರ್ ಉದ್ದ. ಮೇಲಿನವರು ಪಂಪ್‌ಸೆಟ್ ಇಳಿಸಿ, ತೂಬು ಎತ್ತಿ, ಪೈಪು ಹಾಯಿಸಿ ಎಳೆದುಕೊಂಡ ಮೇಲೆ ಉಳಿದ ನೀರು ಮಾನ್ವಿ, ಸಿರವಾರದ ಕಡೆಗೆ ಹೊರಡುತ್ತದೆ. ಪ್ರಕಟಣೆ ಮಾತ್ರ ಎಲ್ಲಿಯೂ ಸೋರದೆ, ಪೂರ್ತಿ ಗೇಜಿನಲ್ಲಿ, ಕಟ್ಟಕಡೆಯ ಹೊಲದವರೆಗೆ ತಲುಪುತ್ತದೆ. ಆ ಬಳಿಕ ಕಾಲುವೆಯ ಎರಡೂ ದಂಡೆಗಳಲ್ಲಿ ನಿಷೇಧಾಜ್ಞೆ ಜಾರಿ ಎಂಬ ಪ್ರಕಟಣೆ, ಅದರ ಮರುದಿನ ಕೊನೆಯ ಭಾಗದವರ ರಸ್ತೆ ತಡೆ, ಅದರ ಮರುದಿನ ಅಧಿಕಾರಿಗಳ ಭರವಸೆ. ಈ ಕ್ರಮ ಎಷ್ಟು ಕರಾರುವಾಕ್ಕೆಂದರೆ ಹಳೆಯ ವರ್ಷದ ಪತ್ರಿಕೆಯನ್ನು ದಿನಾಂಕ ತಿದ್ದಿ ಹಂಚಿದರೂ ಓದುಗರು ದೂರುವುದಿಲ್ಲ.

ಒಮ್ಮೆ ಮಾತ್ರ ಈ ಕ್ರಮ ತಪ್ಪಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೊರಟಿತು. ಆ ಎಚ್ಚರಿಕೆಗೆ ಅರ್ಥವಿತ್ತು. ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ವಾರ ನಮ್ಮ ಪುರಸಭೆಯೂ ಪ್ರೇರಣೆಗೊಂಡು, ಬಸವೇಶ್ವರ ವೃತ್ತದ ಚರಂಡಿಗೆ ಕಲ್ಲಿನ ಮುಚ್ಚಳ ಕೂಡಿಸಲಾಗುವುದು ಎಂದು ಸಾರಿತು. ಮುಚ್ಚಳದ ತಾಂತ್ರಿಕ ಅನುಮೋದನೆ ಇನ್ನೂ ಬರಬೇಕಾಗಿದೆ.

ಇಷ್ಟು ವರ್ಷ ಕೇಳಿ ಕೇಳಿ ನಮ್ಮ ಜನ ಪ್ರಕಟಣೆಗಳನ್ನು ಓದುವ ವಿದ್ಯೆಯಲ್ಲಿ ಪಳಗಿದ್ದಾರೆ. ಯೂರಿಯಾ ಸಾಕಷ್ಟು ದಾಸ್ತಾನಿದೆ, ರೈತರು ಆತಂಕಪಡಬೇಕಾಗಿಲ್ಲ ಎಂದು ಸಂಜೆ ಪ್ರಕಟವಾದರೆ ಸಾಕು, ನಸುಕಿನ ನಾಲ್ಕಕ್ಕೆ ಸೊಸೈಟಿಯ ಮುಂದೆ ಚಪ್ಪಲಿಗಳ ಸಾಲು ಬಿದ್ದಿರುತ್ತದೆ. ಒಂದೊಂದು ಚಪ್ಪಲಿಯ ಕೆಳಗೆ ಆಧಾರ್ ಜೆರಾಕ್ಸ್, ಅದು ಹಾರದಂತೆ ಮೇಲೊಂದು ಕಲ್ಲು. ಚಪ್ಪಲಿಯ ಒಡೆಯರು ಬೇವಿನ ಗಿಡದ ಕೆಳಗೆ ಮಲಗಿರುತ್ತಾರೆ. ಆತಂಕಪಡಬೇಡಿ ಎಂದು ಸರ್ಕಾರ ತಾನಾಗಿ ಹೇಳಿದ ಮೇಲೂ ಆತಂಕಪಡದಿರುವಷ್ಟು ಮುಗ್ಧರು ಈಗ ತಾಲ್ಲೂಕಿನಲ್ಲಿ ಉಳಿದಿಲ್ಲ.

ಹಾಗೆಂದು ಜನರನ್ನು ಪೂರ್ತಿ ನಿರ್ದೋಷಿಗಳೆಂದು ಬಿಟ್ಟುಬಿಡುವಂತೆಯೂ ಇಲ್ಲ. ಕಚೇರಿಗಳು ಪ್ರಕಟಣೆಯನ್ನೇ ಕೆಲಸವೆಂದು ಬಗೆದ ಹಾಗೆ, ನಾವು ಮನವಿಪತ್ರವನ್ನೇ ಹೋರಾಟವೆಂದು ಬಗೆದಿದ್ದೇವೆ. ತಹಶೀಲ್ದಾರರ ಕಚೇರಿಯ ಮೆಟ್ಟಿಲ ಮೇಲೆ ಒಂದು ಕಾಗದದ ಒಂದು ತುದಿಯನ್ನು ಸಂಘಟನೆಯ ಎಂಟು ಜನ, ಇನ್ನೊಂದು ತುದಿಯನ್ನು ಅಧಿಕಾರಿ ಹಿಡಿದು ನಿಲ್ಲುತ್ತಾರೆ. ಚಿತ್ರ ತೆಗೆದಾಯಿತೆಂದು ಖಚಿತವಾಗುವವರೆಗೆ ಎರಡೂ ಕಡೆಯವರು ಬಿಡುವುದಿಲ್ಲ. ಬೇಡಿಕೆ ಈಡೇರದಿದ್ದಲ್ಲಿ ಉಗ್ರ ಹೋರಾಟ ಎಂಬ ಎಚ್ಚರಿಕೆಯೂ, ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು ಎಂಬ ಉತ್ತರವೂ ಒಂದೇ ಸುದ್ದಿಯ ಮೊದಲ ಮತ್ತು ಕೊನೆಯ ವಾಕ್ಯಗಳಾಗಿ ಅಚ್ಚಾಗಿ, ಇಬ್ಬರ ಕೆಲಸವೂ ಅಂದಿಗೆ ಮುಗಿಯುತ್ತದೆ. ನಿಜವಾಗಿ ಕುಳಿತವರ ಪಾಡು ಬೇರೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಿಂದ ಧರಣಿ ಕುಳಿತವರು ಸಾವಿರ ದಿನ ದಾಟಿದರು. ನಾವು ಓದುವ ಪುಟದಲ್ಲಿ ಆ ಸುದ್ದಿ ದಿನದ ಸಂಖ್ಯೆಯೊಂದನ್ನು ಬದಲಿಸಿಕೊಂಡು ಮೂಲೆಯಲ್ಲಿ ಇಷ್ಟೇ ಇಷ್ಟು ಇತ್ತು, ನಡುವೆ ಬಣ್ಣದಲ್ಲಿ ನಮ್ಮ ಗುದ್ದಲಿ ಇತ್ತು.

ಇಷ್ಟೊಂದು ಸಾರುವ ಕಚೇರಿ, ಸಾರಲೇಬೇಕೆಂದು ಕಾನೂನು ಹೇಳಿದ್ದನ್ನು ಮಾತ್ರ ಸಾರುವುದಿಲ್ಲ ಎಂಬುದು ಸೋಜಿಗ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮಿನ ಪ್ರಕಾರ, ಯಾವ ಕೆಲಸಕ್ಕೆ ಎಷ್ಟು ಹಣ ನಿಗದಿಯಾಯಿತು, ಎಷ್ಟು ಖರ್ಚಾಯಿತು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಈ ವಿಷಯದಲ್ಲಿ ಮಾತ್ರ ನಮ್ಮ ಪುರಸಭೆ ಮಿತಭಾಷಿ. ನಮ್ಮ ವಾರ್ಡಿನ ರಸ್ತೆಯ ತಲೆಯಲ್ಲಿ ನೀಲಿ ಬಣ್ಣದ ಫಲಕವೊಂದು ನಿಂತಿದೆ. ಕಾಮಗಾರಿಯ ಹೆಸರು ದೊಡ್ಡದಾಗಿದೆ, ಗಣ್ಯರ ಹೆಸರುಗಳು ಅದಕ್ಕಿಂತ ದೊಡ್ಡದಾಗಿವೆ. ಅಂದಾಜು ಮೊತ್ತ, ಗುತ್ತಿಗೆದಾರರು, ಮುಕ್ತಾಯದ ದಿನಾಂಕ ಎಂಬ ಮೂರು ಸಾಲುಗಳ ಮುಂದೆ ಎರಡೆರಡು ಚುಕ್ಕಿಗಳನ್ನು ಅಚ್ಚುಕಟ್ಟಾಗಿ ಇಟ್ಟು, ಅದರಾಚೆಗೆ ಬಣ್ಣ ಬಳಿದು ಬಿಟ್ಟಿದ್ದಾರೆ.

ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಸಹಿಸಲಾರದೆ, ಹತ್ತು ರೂಪಾಯಿ ಶುಲ್ಕ ಕಟ್ಟಿ, ಆ ಮೂರು ಸಾಲುಗಳ ಮುಂದೆ ಬರಬೇಕಾದ ಮಾಹಿತಿಯನ್ನು ಒದಗಿಸಬೇಕೆಂದು ಅರ್ಜಿ ಹಾಕಿದರು. ಕಾಯ್ದೆ ಕೊಟ್ಟಿರುವ 30 ದಿನಗಳ ಗಡುವಿನ ಕೊನೆಯ ದಿನ, ಮೊಹರು ಮತ್ತು ಸಹಿಯೊಂದಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಉತ್ತರ ಬಂತು: 'ತಾವು ಕೋರಿರುವ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ಕಾಮಗಾರಿ ಸ್ಥಳದ ಫಲಕದಲ್ಲಿ ಈಗಾಗಲೇ ಪ್ರಕಟಿಸಲಾಗಿರುತ್ತದೆ. ಸದರಿ ಫಲಕವನ್ನು ಕಚೇರಿ ವೇಳೆಯಲ್ಲಿ ಖುದ್ದಾಗಿ ಪರಿಶೀಲಿಸಿಕೊಳ್ಳಬಹುದು.'